ಎಪಿಸೋಡಿಗೊಂದು ಸ್ನಾನ

ಬಸವೇಶ್ವರನಗರ
18 ಆಗಸ್ಟ್ 2025, ಸೋಮವಾರ

ನನ್ನ ಮುದ್ದು ಸ್ಮೃತಿಗೆ,

ಹೇಗಿದ್ದೀಯೇ? ಬೆಳಗಾವಿಯ ಮಳೆಗೆ ನೆಗಡಿ, ಕೆಮ್ಮು ಶುರುವಾಗಿಲ್ಲ ತಾನೆ? ಕೆಲಸ ಕೆಲಸ ಎಂದು ಊಟ ಬಿಡಬೇಡ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ಬಾಯಿ ಮಾತ್ರ ಚೆನ್ನಾಗಿ ಓಡುತ್ತಿದೆ ಎಂದು ನಿಮ್ಮಮ್ಮನ ದೂರು. ನನ್ನ ಫೋನಂತೂ ನೀನು ಎತ್ತುವುದಿಲ್ಲ, ಕಾಗದವನ್ನಾದರೂ ಒಡೆದು ನೋಡುತ್ತೀಯ ಎಂದು ಬರೆಯುತ್ತಿದ್ದೇನೆ.

ಪೊಲೀಸಿನವರು ನಿಜವಾದ ಕೊಲೆ ಕೇಸುಗಳನ್ನು ಭೇದಿಸುವುದನ್ನು ತೋರಿಸುವ ಆ ಟಿವಿ ಕಾರ್ಯಕ್ರಮ ಇದೆಯಲ್ಲ, ಅದರಲ್ಲಿ ಕೊಲೆಯಾದ ಜಾಗದಲ್ಲಿ ಸಾಕ್ಷ್ಯ ಹುಡುಕುವವರ ಜೊತೆ ನೀನೂ ಬರುತ್ತೀಯಂತೆ ಎಂದು ನಿಮ್ಮಮ್ಮ ಹೇಳಿದಾಗಿನಿಂದ ಒಂದು ವಾರವೂ ಬಿಟ್ಟಿಲ್ಲ. ಮೊದಲ ವಾರ ಹೆಣ ಕಂಡಿತು ನೋಡು, ಟಿವಿಯದಾದರೇನು, ಹೆಣ ಹೆಣವೇ ಎಂದು ಎದ್ದು ಹೋಗಿ ತಲೆಗೆ ಸ್ನಾನ ಮಾಡಿ ಬಂದೆ. ಎರಡನೇ ವಾರವೂ ಹಾಗೇ. ಮೂರನೇ ವಾರ ಒಂದೇ ಎಪಿಸೋಡಿನಲ್ಲಿ ಎರಡು! "ಅತ್ತೆ, ಎರಡಕ್ಕೂ ಸೇರಿಸಿ ಒಂದೇ ಸಲ ಮಾಡ್ಬಿಡಿ, ಗೀಸರ್ ಸುಟ್ಟೋಗತ್ತೆ" ಎಂದು ನಿಮ್ಮಮ್ಮ ಬಿದ್ದು ಬಿದ್ದು ನಕ್ಕಳು. ನಗಲಿ ಬಿಡು. ನೆಲಕ್ಕೆ ಏನೋ ಸಿಂಪಡಿಸಿ ದೀಪ ಆರಿಸಿದರೆ, ತೊಳೆದುಹಾಕಿದ ರಕ್ತವೂ ನೀಲಿಯಾಗಿ ಹೊಳೆಯುವುದನ್ನು ಅಲ್ಲೇ ಕಂಡೆ. ಅಬ್ಬಬ್ಬಾ, ಇದನ್ನೆಲ್ಲ ಓದಿಕೊಂಡಿದ್ದೀಯೇನೇ!

ನಿನ್ನೆ ಟಿವಿಯಲ್ಲಿ ನೀನು ಬಂದೆ. ಮೈತುಂಬ ಬಿಳಿ ಅಂಗಿ, ಮುಖಕ್ಕೆ ಮಾಸ್ಕು. ಆದರೂ ಜಾರಿದ ಕನ್ನಡಕವನ್ನು ಭುಜಕ್ಕೆ ಒತ್ತಿ ಸರಿಮಾಡಿಕೊಂಡ ತಕ್ಷಣ "ನಮ್ ಪುಟ್ಟಿ!" ಎಂದು ಕೂಗಿಬಿಟ್ಟೆ. ಯಾರೋ ಮುದುಕಿಯನ್ನು ಕತ್ತಿನ ಸರಕ್ಕಾಗಿ ಕೊಂದಿದ್ದರು, ಪಾಪಿಗಳು. ಉಗುರಿನ ಸಂದಿಯಲ್ಲಿ ಕೊಂದವನ ಗುರುತು ಉಳಿದಿರುತ್ತದಂತೆ; ಅದು ಅಳಿಯದಿರಲಿ ಎಂದು ಕೈಗೆ ಕಾಗದದ ಚೀಲ ಕಟ್ಟಲು ಬಗ್ಗಿದವಳು, "ಅಜ್ಜೀ, ಕೈ ಸ್ವಲ್ಪ ಎತ್ತುತೀನಿ, ಆಯ್ತಾ?" ಅಂದೆಯಲ್ಲೇ! ಉಸಿರೇ ಇಲ್ಲದವಳನ್ನು ಕೇಳಿ ಮುಟ್ಟಿದೆ. ಚೀಲ ಕಟ್ಟಿ, ಮಲಗಿದ ಮಗುವಿನದೇನೋ ಎಂಬಂತೆ ಆ ಕೈಯನ್ನು ಮೆತ್ತಗೆ ಕೆಳಗಿಟ್ಟೆ.

ಅತ್ತುಬಿಟ್ಟೆ ಕಣೇ. ಯುಗಾದಿಗೆ ಬಂದಾಗ "ಹೆಣ ಮುಟ್ಟೋ ಕೈಲಿ ದೇವರಮನೆ ಮುಟ್ಬೇಡ" ಎಂದು ಹೇಳಿ, ನೀನು ಎಲೆಯ ಮುಂದಿನಿಂದ ಎದ್ದು ಹೋಗುವ ಹಾಗೆ ಮಾಡಿದವಳು ನಾನೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಪ್ಪಾಯಿತು ಮಗು. ನಿನ್ನೆ ನಾನು ಸ್ನಾನ ಮಾಡಲಿಲ್ಲ. ಟಿವಿ ಆರಿಸಿ, ಸೀದಾ ಹೋಗಿ ದೇವರಿಗೆ ದೀಪ ಹಚ್ಚಿದೆ.

ಮುಂದಿನ ಮಂಗಳವಾರ ಗೌರಿ ಹಬ್ಬ. ರಜೆ ಸಿಕ್ಕರೆ ಬಾ. ಸಿಗದಿದ್ದರೆ ಫೋನಾದರೂ ಎತ್ತು, ಬೈದರೂ ಸರಿ, ನಿನ್ನ ದನಿ ಕೇಳಬೇಕು. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅಜ್ಜಿ,
ಪುಟ್ಟಲಕ್ಷ್ಮಿ

ಅಂಚೆಗೆ ಹಾಕಲು ನಿಮ್ಮಪ್ಪ ಚಪ್ಪಲಿ ಮೆಟ್ಟಿ ನಿಂತಿದ್ದಾನೆ, ಇಷ್ಟು ಬರೆದುಬಿಡುತ್ತೇನೆ: ಗಾಬರಿಯಾಗಬೇಡ, ಸದ್ಯಕ್ಕೆ ನಾನು ಎಲ್ಲಿಗೂ ಹೋಗುವುದಿಲ್ಲ. ಆದರೆ ಹೋದ ದಿನ, ನನಗೆ ಕೊನೆಯ ನೀರು ಹಾಕಿ ಮೀಯಿಸುವವಳು ನೀನೇ ಆಗಬೇಕು. ಮನೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ, ಬೇರೆ ಯಾರ ಕೈಯೂ ನನಗೆ ಬೇಡ.