ಬೋಲ್ಟಿನ ಮೇಲಿನ ಎರಡು ಬಾಣ

ಕಿರಂಗೂರು
9-11-1994, ಬುಧವಾರ

ಚಿರಂಜೀವಿ ಹೊನ್ನಪ್ಪನಿಗೆ ಅವ್ವನ ಆಶೀರ್ವಾದ.

ಸುಖವಾಗಿ ತಲುಪಿದೆಯಾ? ರೈಲಿನಲ್ಲಿ ಮೂರು ದಿನ ಕೂತು ಮೊಣಕಾಲು ಮತ್ತೆ ಊದಿಕೊಂಡಿತೋ ಏನೋ. ಅಲ್ಲಿ ಚಳಿ ಶುರುವಾಗಿರಬೇಕು, ಸ್ವೆಟರನ್ನು ಪೆಟ್ಟಿಗೆಯಲ್ಲೇ ಇಟ್ಟುಕೊಂಡಿರಬೇಡ. ನಿನ್ನ ಹೆಂಡತಿ ರಂಜಿತ ಚೆನ್ನಾಗಿದ್ದಾಳೆ, ನನ್ನ ಜೊತೆ ಮಾತು ಮಾತ್ರ ಕಡಿಮೆ. ಬೆಳಗಿನಿಂದ ಮೂರು ಸಲ ಈ ಕಾಗದಕ್ಕೆ ಕೂತು ಎದ್ದಿದ್ದೇನೆ.

ನಿಮ್ಮಪ್ಪನ ರೈಫಲ್ಲಿನ ವಿಷಯ. ಲೈಸೆನ್ಸ್ ಹೊಸದು ಮಾಡಿಸಲು ಹೋದಾಗ, ನಳಿಗೆಯ ನಂಬರು ಒಂದು, ಗುಂಡು ತುಂಬಲು ಹಿಂದಕ್ಕೆಳೆಯುವ ಬೋಲ್ಟಿನ ನಂಬರು ಇನ್ನೊಂದು, ವಿವರ ಕೊಡಿ ಎಂದು ಪೊಲೀಸ್ ಸ್ಟೇಷನ್ನಿನಲ್ಲಿ ಕೇಳಿದರಲ್ಲ. ನೀನು ಮಿಲಿಟರಿಯಲ್ಲಿ ಬಂದೂಕು ರಿಪೇರಿ ಮಾಡುವವನು. ರಜೆಗೆ ಬಂದು ಅದನ್ನು ಬಿಚ್ಚಿ ಎಣ್ಣೆ ಹಾಕಿದವನೂ ನೀನೇ. ಬೋಲ್ಟು ಬದಲಿಸಿದವನೂ ನೀನೇ ಎಂದುಕೊಂಡೆ. ದೀಪಾವಳಿಯ ಮಾರನೆಯ ದಿನ ಜಗಲಿಯಲ್ಲಿ, ಕೆಂಪಣ್ಣ ಮಾವನ ಎದುರಿಗೇ, "ಸರ್ಕಾರದ ಅನ್ನ ತಿಂದು ಸರ್ಕಾರದ ಮಾಲೇ ಕದ್ದು ತಂದಿದ್ದೀಯೇನ್ಲಾ?" ಎಂದುಬಿಟ್ಟೆ. "ಮೊದ್ಲಿಂದ್ಲೂ ಇದ್ದದ್ದೇ ಕಣವ್ವ" ಎಂದು ಒಂದೇ ಸಲ ಹೇಳಿ, ಮುದ್ದೆ ಮುರಿಯದೆ, ಹತ್ತು ದಿನದ ರಜೆ ಉಳಿದಿದ್ದರೂ ಹೊರಟುಹೋದೆ. ನಮ್ಮ ಮನೆಯಲ್ಲಿ ಕಳ್ಳರಿಲ್ಲ ಎಂಬ ಜಂಬದಲ್ಲಿ ನಾನು ತಡೆಯಲಿಲ್ಲ.

ಆಮೇಲೆ ನಿನ್ನ ಆ ಒಂದು ಮಾತು ಕೊರೆಯತೊಡಗಿತು. ನಿನ್ನೆ ಬೋಲ್ಟನ್ನು ಸೆರಗಿನಲ್ಲಿ ಸುತ್ತಿಕೊಂಡು ಶ್ರೀರಂಗಪಟ್ಟಣಕ್ಕೆ, ಕೋವಿ ರಿಪೇರಿಯ ವಜೀರ್ ಪಾಷಾ ಹತ್ತಿರ ಹೋದೆ. ಸೀಮೆಎಣ್ಣೆಯಲ್ಲಿ ಒರೆಸಿ, ಭೂತಗನ್ನಡಿ ಹಿಡಿದು ನೋಡಿ ನಕ್ಕ. "ಏನಮ್ಮಾವ್ರೇ, ತಿಕ್ಕಿ ತಿಕ್ಕಿ ಇದರ ಊರೇ ಅಳಿಸ್ಬುಟ್ಟಿದ್ದೀರಿ!" ಪ್ರತಿ ಆಯುಧ ಪೂಜೆಗೆ ಕುಡುಗೋಲಿನ ಜೊತೆ ಅದನ್ನೂ ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ನಾನೇ ತಿಕ್ಕುತ್ತಿದ್ದೆನಲ್ಲ! ನಂಬರು ಆಳವಾಗಿತ್ತು, ಉಳಿಯಿತು. ಸಣ್ಣ ಗುರುತುಗಳೆಲ್ಲ ಸವೆದಿದ್ದವು. ಕೊನೆಗೆ ಹಿಡಿಯ ಬುಡದಲ್ಲಿ, ನನ್ನ ಬೆರಳು ಹೋಗದ ಸಂದಿಯಲ್ಲಿ, ಎಂ.ಎ. ಎಂಬ ಅಕ್ಷರ ಸಿಕ್ಕಿತು. ಅದು ದೊಡ್ಡ ಯುದ್ಧದ ಕಾಲದ ಆಸ್ಟ್ರೇಲಿಯಾ ಕಾರ್ಖಾನೆಯದಂತೆ. ಪಕ್ಕದಲ್ಲಿ ಮೊನೆಗೆ ಮೊನೆ ತಾಗಿದ ಎರಡು ಬಾಣ. "ಒಂದೇ ಬಾಣ ಇದ್ರೆ ಸರ್ಕಾರದ್ದು. ಇಂಗೆ ಎರಡು ಎದುರುಬದುರು ಇದ್ರೆ ಸರ್ಕಾರವೇ ಮಾರಿ ಕೈತೊಳ್ಕೊಂಡ ಹಳೇ ಮಾಲು. ಮೊದಲಿನ ಬೋಲ್ಟು ಮುರಿದಾಗ ನಿಮ್ಮ ಯಜಮಾನ್ರು ಹಾಕ್ಸಿರ್ತಾರೆ. ನಮ್ಮ ಅಬ್ಬಾ ಇಂಥವು ಎಷ್ಟೋ ಜೋಡ್ಸವ್ರೆ. ಆಗ ನಿಮ್ಮ ಮಗ ಹುಟ್ಟೇ ಇರ್ಲಿಲ್ಲ ಬುಡಿ" ಎಂದ. ಹಾಗೆಂದು ಬರೆದು ಸಹಿ ಹಾಕಿಕೊಟ್ಟ. ಸ್ಟೇಷನ್ನಿಗೆ ಕೊಟ್ಟೆ. ಕೆಂಪಣ್ಣ ಮಾವನನ್ನು ಅದೇ ಜಗಲಿಗೆ ಕರೆಸಿ ಓದಿ ಹೇಳಿದೆ. ಅವರು ತಲೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅವ್ವ,
ಮಾದಮ್ಮ

ವಿ.ಸೂ.: ಟಪಾಲು ಹೊರಡುವ ಹೊತ್ತಾಯಿತು. ಮುಚ್ಚಿಡಲಾರೆ. ನೀನು ಹೋದ ಮಾರನೆಯ ದಿನ ನಿನ್ನ ಸಾಹೇಬರಿಗೆ ನಾನೇ ಕಾಗದ ಹಾಕಿದ್ದೇನೆ, ಬೋಲ್ಟು ಕದ್ದಿದ್ದಾನೆ, ಮಗನೆಂದು ನೋಡುವುದಿಲ್ಲ, ವಿಚಾರಣೆ ಮಾಡಿ ಎಂದು. ಅದು ಸುಳ್ಳೆಂದು ಈಗ ತಂತಿ ಕೊಟ್ಟೆ. ಆದರೂ ಕರೆದು ಕೇಳಿದರೆ ಜೊತೆಗಿಟ್ಟ ಪಾಷಾನ ಚೀಟಿಯ ನಕಲು ತೋರಿಸು. ನನ್ನ ಮಾನ ಕಾಯಲು ಹೋಗಿ ಸುಮ್ಮನಿರಬೇಡ ಕಣಪ್ಪ. ನಮ್ಮವ್ವ ತಿಳಿಯದೆ ಸುಳ್ಳು ಬರೆದಳು ಅಂತಲೇ ಹೇಳು.