ಬಾಗಿಲ ಹಿಂದಿನ ಜ್ವರದ ಪಟ್ಟಿ

ಸೋಮವಾರ, ಬೆಳಿಗ್ಗೆ 6.20

ಅಕ್ಕ,

ಗಂಜಿ ಮಾಡಿ ಮುಚ್ಚಿಟ್ಟಿದ್ದೇನೆ. ನನಗೆಂದು ಬೇರೆ ಇಟ್ಟಿದ್ದ ತಟ್ಟೆ, ಲೋಟವನ್ನು ನಿಮ್ಮವುಗಳ ಜೊತೆಗೇ ಇಟ್ಟಿದ್ದೇನೆ. ಹೆದರಬೇಡ.

ನನಗೆ ಜ್ವರ ಇದ್ದದ್ದು ಮೊದಲ ಎರಡು ದಿನ ಮಾತ್ರ. ಆಮೇಲೆ ನೀನು ಹೊರಗಿನಿಂದ ‘ಈಗ ಎಷ್ಟಾತೋ?’ ಎಂದು ಕೇಳಿದಾಗಲೆಲ್ಲ ಬಾಗಿಲ ಹಿಂದೆ ಅಂಟಿಸಿದ ಪಟ್ಟಿಯಲ್ಲಿ ನಾನು ಬರೆದ ಅಂಕಿಗಳು ಸುಳ್ಳು. ಹಂದಿಜ್ವರದ ಸುದ್ದಿ ಬಂದಾಗಿನಿಂದ ಹೊನ್ನಾವರದ ಹಾಸ್ಟೆಲ್‌ಗೆ ಮರಳುವುದನ್ನು ನೆನೆದರೇ ಎದೆ ಹೊಡೆದುಕೊಳ್ಳುತ್ತದೆ. ಓದಿದ್ದು ತಲೆಗೆ ಹೋಗುವುದಿಲ್ಲ. ಬಿ.ಎಸ್ಸಿ. ಓದುವವನು ಹೆದರಿಕೆ ಎಂದು ಹೇಳುವುದು ಹೇಗೆ? ಥರ್ಮಾಮೀಟರಿನಲ್ಲಿ ಕಾಣುವಂಥದ್ದಾದರೆ ನೀವು ನಂಬುತ್ತೀರಿ ಎಂದುಕೊಂಡೆ.

ನಿನ್ನೆ ಆಯಿ ನಿನ್ನ ಹತ್ತಿರ ಹೇಳಿದ್ದು ಕೇಳಿಸಿತು: “ಮಗನ ಜ್ವರ ಇಳಿಯೂವರೆಗೆ ಬಿಸಿಯೂಟದ ಅಡುಗೆಗೆ ಬರೂದೇ ಬೇಡ ಅಂದ್ರು ಹೆಡ್‌ಮಾಸ್ತರು. ಮಕ್ಳು ನನ್ನ ಕಂಡ್ರೆ ಓಡ್ತವೆ.” ನನ್ನ ಅಂಕಿಗಳು ಆಯಿಯ ಮೇಲೆ ಹೋಗಿ ಬೀಳುತ್ತವೆ ಎಂದು ನಾನು ಯೋಚಿಸಿರಲೇ ಇಲ್ಲ.

ಹೆಡ್‌ಮಾಸ್ತರರ ಮನೆಗೆ ಹೋಗಿ ನಿಜ ಹೇಳಿ ಬರುತ್ತೇನೆ. ಇದನ್ನು ಆಯಿಗೆ ಓದಿ ಹೇಳಬೇಡ. ಬಂದು ನಾನೇ ಹೇಳುತ್ತೇನೆ. ಆಗ ನೀನು ಪಕ್ಕದಲ್ಲಿರು.

ಪಟ್ಟಿ ಹರಿಯಬೇಡ. ಸುಳ್ಳುಗಳ ಕೆಳಗೆ ಇವತ್ತಿನದನ್ನು ಸರಿಯಾಗಿ ನೋಡಿ ಬರೆದಿದ್ದೇನೆ: 98.4. ಹೆದರಿಕೆ ಮಾತ್ರ ಇನ್ನೂ ಇಳಿದಿಲ್ಲ.

ನಿತ್ಯಾನಂದ