ಹಿಟ್ಟಿಕ್ಕದ ಸೊಸೆ

ಅತ್ತೆ,

ನೀವು ಹೋಗಿ ಮೂರು ತಿಂಗಳಾಯಿತು, ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಉಂಡ ತಟ್ಟೆ ತೊಳೆದು ಬರುವಷ್ಟರಲ್ಲಿ ಉಂಡದ್ದನ್ನೇ ಮರೆತು, ಜಗಲಿ ಮೇಲೆ ಕೂತು ಹೋಗಿಬರುವವರಿಗೆಲ್ಲ, "ನನ್ ಸೊಸೆ ಇಟ್ಟು ಇಕ್ಕಕಿಲ್ಲ ಕಣವ್ವ, ನಾಕ್ ದಿನಾಯ್ತು" ಅಂತ ಹೇಳುತ್ತಿದ್ದಿರಲ್ಲ? ಡೈರಿಗೆ ಹಾಲು ಹಾಕಲು ಹೋದರೆ ಹೆಂಗಸರ ಮಾತು ಗಪ್ಪನೆ ನಿಲ್ಲುತ್ತಿತ್ತು. ಕೊನೆಗೆ ನಿಮ್ಮ ಮಗ ಕೂಡ, "ದಿಟ ಏಳು, ಇಕ್ಕಿದ್ಯಾ?" ಅಂದರು. ಇಪ್ಪತ್ತೆರಡು ವರ್ಷ ಜೊತೆಗೆ ಬಾಳಿದ ಗಂಡ!

ಹಾಸನದ ಡಾಕ್ಟರು ಇದು ಅಲ್‌ಝೈಮರ್ ಕಾಯಿಲೆ ಅಂದ ದಿನ ನಿಮ್ಮ ಮಗಳು ಜಯಮ್ಮ ಚನ್ನರಾಯಪಟ್ಟಣದಿಂದ ಬಂದಿದ್ದಳು. "ನನ್ನ ಕಂಡ್ರೆ ಗುರ್ತಿಡೀತಾಳೆ. ಅದ್ಯಾವ ಕಾಯ್ಲೆ? ಒಟ್ಟೆಗಿಲ್ದೆ ಇಂಗಾಗವ್ಳೆ" ಅಂದಳು. ಹಬ್ಬಕ್ಕೊಂದು ಗಂಟೆ ಬಂದು ಹೋಗುವವಳಿಗೆ ಏನು ಕಾಣುತ್ತದೆ? ನಿಮ್ಮ ಸೀರೆ ದಿನಕ್ಕೆ ಮೂರು ಸಲ ಒಗೆದವಳು ನಾನು.

ಆಲೂಗಡ್ಡೆ ಬಿತ್ತನೆಯ ಆ ದಿನ... ಬಿತ್ತನೆ ಗಡ್ಡೆ ಹೆಚ್ಚುವುದನ್ನು ನನಗೆ ಕಲಿಸಿದವರೇ ನೀವು. "ಓಳಿಗೊಂದು ಕಣ್ಣು ಬುಡ್ಬೇಕು ಕಣಮ್ಮಿ, ಮೊಳ್ಕೆ ಬರಾದೇ ಅಲ್ಲಿಂದ" ಅಂತ ಕೈ ಹಿಡಿದು ತೋರಿಸಿದ್ದಿರಿ. ಅವತ್ತು ನಾನು ಹೊಲದಿಂದ ಬಂದು ನೋಡಿದರೆ ಅರ್ಧ ಮೂಟೆ ಬಿತ್ತನೆ ಗಡ್ಡೆಯ ಸಿಪ್ಪೆ ಹೆರೆದು, ಕಣ್ಣೆಲ್ಲ ಕಿತ್ತು, ಸಾರಿಗೆ ಹೆಚ್ಚಿದ ಹಾಗೆ ಹೆಚ್ಚಿ ನೀರಿಗೆ ಹಾಕಿದ್ದಿರಿ. "ನೆಂಟ್ರು ಬತ್ತಾವ್ರೆ" ಅಂತ ನಕ್ಕಿರಿ. ಹೊಲದಲ್ಲಿ ಆಳುಗಳು ಗಡ್ಡೆಗೆ ಕಾಯುತ್ತಿದ್ದರು. ಕಾಯಿಲೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ, ನೀವು ಬೇಕಂತಲೇ ಮಾಡಿದ್ದೀರಿ ಅನ್ನಿಸಿತು.

ಅವತ್ತು ಮಧ್ಯಾಹ್ನ ನಿಮಗೆ ಹಿಟ್ಟಿಕ್ಕಲಿಲ್ಲ ಅತ್ತೆ. ಮುದ್ದೆ ಕಟ್ಟಿದ್ದೆ, ಸಾರು ಬಿಸಿ ಇತ್ತು. ಹೇಗಿದ್ದರೂ ಇಕ್ಕದವಳು ಅನ್ನಿಸಿಕೊಂಡಿದ್ದೀನಿ, ಒಂದು ಹೊತ್ತು ಇಕ್ಕದೇ ಇದ್ದರೆ ಏನೀಗ ಅಂದುಕೊಂಡೆ. ಸಂಜೆ ಪಕ್ಕದ ಮನೆಯ ರತ್ನಮ್ಮ ಬಂದು, "ಉಂಡ್ಯಾ ಕೆಂಪಮ್ಮಕ್ಕ?" ಅಂದಳು. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ನೀವು, "ಊಂ ಕಣವ್ವ, ನನ್ ಸೊಸೆ ಬಿಸಿಬಿಸಿ ಇಟ್ಟಿಕ್ಕಿದ್ಲು" ಅಂದಿರಿ. ದಿನಾ ಸುಳ್ಳು ಹೇಳಿ ನನ್ನ ಮಾನ ಕಳೆದವರು, ಅವತ್ತೇ ಯಾಕೆ ಹಾಗಂದಿರಿ? ಬೈದಿದ್ದರೆ ಆಗುತ್ತಿರಲಿಲ್ಲವೇ?

ನಿಮ್ಮ ಹನ್ನೊಂದನೇ ದಿನ ಜಯಮ್ಮ ಎಡೆ ಇಟ್ಟು, ಕಟ್ಟಾಯ ಊರಿನ ನೆಂಟರೆಲ್ಲ ಕೇಳುವ ಹಾಗೆ, "ಈಗ್ಲಾದ್ರೂ ಒಟ್ಟೆ ತುಂಬ ಉಣ್ಣವ್ವಾ" ಅಂತ ಗೋಳಾಡಿದಳು. ಎಲ್ಲರೂ ನನ್ನ ಕಡೆ ತಿರುಗಿದರು. ಎಡೆ ಮುಟ್ಟಿ, "ಒಂದೊತ್ತೂ ತಪ್ಸಿಲ್ಲ, ಈ ಎಡೆ ಮೇಲಾಣೆ" ಅಂದುಬಿಟ್ಟೆ.

ಅದು ಸುಳ್ಳಾಣೆ. ಇಕ್ಕದ ಆ ಒಂದು ಹೊತ್ತು ನಿಮಗೂ ಗೊತ್ತಿರಲಿಲ್ಲ, ಈಗ ಹೇಳಿದ್ದೇನೆ. ಜಯಮ್ಮನಿಗೆ ಮಾತ್ರ ಸತ್ತರೂ ಹೇಳುವುದಿಲ್ಲ.

ನಿಮ್ಮ ಸೊಸೆ